ಬೆಚ್ಚನೆ ಬಿಳಿ ಮಾರಿದ ವರ್ಷಗಳು

ಬಣ್ಣದಂಗಡಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಮೊದಲು ಕೆಂಪು, ಹಸಿರು, ನೇರಳೆಗಳ ಮುಂದೆ ನಿಂತು ಕಂಗಾಲಾಗುತ್ತಾರೆ. ಇಷ್ಟೊಂದು ಬಣ್ಣ ಹೇಗೆ ನೆನಪಿಡುವುದು ಎಂದು ಕೇಳುತ್ತಾರೆ. ಅವನ್ನೆಲ್ಲ ಯಂತ್ರ ನೆನಪಿಟ್ಟುಕೊಳ್ಳುತ್ತದೆ, ಬಿಡಿ. ನೀವು ಹೆದರಬೇಕಾದದ್ದು ಬಿಳಿಗೆ. ಕೆಂಪು ಒಯ್ದವರು ಜಗಳಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಬಿಳಿ ಒಯ್ದವರು ಮಾತ್ರ ಮರುದಿನ ನಾವು ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತಿದ್ದರು.

ನನ್ನ ಹೆಸರು ಬನಶಂಕರಿ. ಗದಗ-ಬೆಟಗೇರಿಯಲ್ಲಿ ಮನೆಗೆ ಬಣ್ಣ ಹಚ್ಚಿಸಿದ ಅರ್ಧ ಜನ ನನ್ನನ್ನು ಬನಕ್ಕ ಎಂದು ಕರೆಯುತ್ತಾರೆ. ಉಳಿದರ್ಧ ಜನ ಹಿಂದಿನಿಂದ ಏನೆಂದು ಕರೆಯುತ್ತಾರೋ ಗೊತ್ತಿಲ್ಲ, ಕೇಳಲೂ ಹೋಗಿಲ್ಲ. ಗದಗಿನ ಒಂದು ಬಣ್ಣದಂಗಡಿಯ ಕೌಂಟರಿನ ಹಿಂದೆ ನನ್ನ ಹರೆಯವೂ ನಡುವಯಸ್ಸೂ ಕಳೆದವು. ಮಂಡಿ ಮಾತು ಕೇಳುವುದನ್ನು ಬಿಟ್ಟ ಮೇಲೆ ನಾನೂ ಅಂಗಡಿ ಬಿಟ್ಟೆ. ನನ್ನ ಜಾಗಕ್ಕೆ ಬಂದವರು ಆಗಾಗ ಫೋನು ಮಾಡಿ, "ಅಕ್ಕಾರ, ಗಿರಾಕಿ ವಾರ್ಮ್ ವೈಟ್ ಕೇಳಾಕತ್ತಾರ, ಯಾವ್ದು ಕೊಡ್ಲಿ?" ಎನ್ನುತ್ತಾರೆ. ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಬಿಳಿಯಲ್ಲಿ ಹತ್ತು ತರ ಉಂಟು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಣಿಯಿಂದ ಬಂದ, ಇನ್ನೂ ತೊಳೆಯದ ಕೋರಾ ನೂಲಿನದು ಒಂದು ಬಿಳಿ, ಗಂಜಿ ಹಾಕಿ ಒಣಗಿಸಿದ ಮೇಲೆ ಅದೇ ನೂಲಿನದು ಇನ್ನೊಂದು, ತೊಳೆದು ಚೊಕ್ಕ ಮಾಡಿದ್ದು ಮತ್ತೂ ಬೇರೆ. ಗಮನವಿಲ್ಲದೆ ಒಂದರಲ್ಲಿ ಇನ್ನೊಂದನ್ನು ಸೇರಿಸಿದರೆ ನೇಯ್ದ ಮೇಲೆ ಸೀರೆಯ ಮೈಮೇಲೆ ಉದ್ದಕ್ಕೂ ಗೆರೆ ಏಳುತ್ತದೆ. ಹಾಗೆ ಗೆರೆ ಎದ್ದ ದಿನ ನಮ್ಮಪ್ಪ ಬೈಯುತ್ತಿರಲಿಲ್ಲ. ಆ ಸೀರೆಯನ್ನು ನಡುಮನೆಯ ಗೂಟಕ್ಕೆ ತೂಗುಹಾಕಿ ಎಲ್ಲರೂ ನೋಡುವಂತೆ ಬಿಡುತ್ತಿದ್ದ. ಬೈಗುಳವೇ ವಾಸಿ ಅನಿಸುತ್ತಿತ್ತು.

ಈ ಕಣ್ಣಿನ ಬಲದಿಂದಲೇ ನನಗೆ ಕೆಲಸ ಸಿಕ್ಕಿದ್ದು. ಅಂಗಡಿಯ ಮಾಲೀಕ ಚನ್ನಪ್ಪಣ್ಣ. ಕೆಲಸ ಕೇಳಿಕೊಂಡು ಹೋದಾಗ ಅವರು ನನ್ನ ಓದು ಕೇಳಲಿಲ್ಲ, ಊರು ಕೇಳಲಿಲ್ಲ. ಎರಡು ಬಣ್ಣದ ಚೀಟಿಗಳನ್ನು ಮೇಜಿನ ಮೇಲೆ ಇಟ್ಟು, "ಇದರಾಗ ಹಸರ ಯಾವ್ದು?" ಎಂದರು. ಒಂದು ಇಟ್ಟಂಗಿ ಕೆಂಪು, ಇನ್ನೊಂದು ಎಲೆ ಹಸಿರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ.

"ನಗಬ್ಯಾಡವಾ, ಹೇಳು. ಖರೇನ ನನಗ ತಿಳಿಯಂಗಿಲ್ಲ," ಎಂದರು ಚನ್ನಪ್ಪಣ್ಣ.

ಹೌದು, ನಮ್ಮ ಬಣ್ಣದಂಗಡಿಯ ಮಾಲೀಕರಿಗೆ ಕೆಂಪು ಹಸಿರುಗಳ ನಡುವಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಅಂಗಡಿ ತೆರೆಯುವಾಗ ಒಬ್ಬ ಕಲಾವಿದ ಹಸಿರು ಹಲಗೆಯ ಮೇಲೆ ದಪ್ಪ ಕೆಂಪು ಅಕ್ಷರಗಳಲ್ಲಿ ಅಂಗಡಿಯ ಹೆಸರು ಬರೆದುಕೊಟ್ಟಿದ್ದನಂತೆ. ಇವರು ಅದರ ಕೆಳಗೇ ನಿಂತುಕೊಂಡು, "ಏನಪ್ಪಾ, ಬೋರ್ಡ್ ಯಾವಾಗ ಬರಿಯಾಂವ?" ಎಂದು ಅವನನ್ನು ಕೇಳಿದರಂತೆ. ಈ ಕಥೆಯನ್ನು ಹೊಸ ಗಿರಾಕಿಗಳಿಗೆ ಅವರೇ ಹೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಆದರೆ ಬಿಳಿಯ ವಿಷಯದಲ್ಲಿ ಅವರನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇರಲಿಲ್ಲ. ಬಿಳಿಯೊಳಗೆ ಹಳದಿ ಎಷ್ಟಿದೆ, ನೀಲಿ ಎಷ್ಟಿದೆ ಎಂಬುದು ಅವರ ಕಣ್ಣಿಗೆ ತಟ್ಟನೆ ಹೊಳೆಯುತ್ತಿತ್ತು. ಬೇರೆ ಬಣ್ಣಗಳ ಗದ್ದಲ ಇಲ್ಲದ್ದಕ್ಕೋ ಏನೋ, ಆ ಎರಡರ ಪಿಸುಮಾತು ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. "ಬಾಕಿ ಬಣ್ಣ ಎಲ್ಲಾ ನಿಂದು, ಬನಕ್ಕಾ. ಬಿಳಿ ಮಾತ್ರ ಇಬ್ಬರ್ದೂ," ಎಂದು ಮೊದಲ ದಿನವೇ ಹಂಚಿಕೆ ಮಾಡಿಬಿಟ್ಟರು.

ನಾನು ಸೇರಿದ ಕಾಲಕ್ಕೆ ನಮ್ಮ ಕಡೆ ಗೋಡೆಗೆ ಬಣ್ಣವೆಂದರೆ ಸುಣ್ಣ. ಸುಣ್ಣ ಕದಡಿ, ಅದಕ್ಕೆ ನೀಲಿ ಹಾಕಿ, ಕಣ್ಣು ಕುಕ್ಕುವ ಹಾಗೆ ಹಚ್ಚಬೇಕು. ಬಟ್ಟೆಗೆ ಹಾಕುವ ಅದೇ ನೀಲಿ. ಹಂಡೆಯ ಸುಣ್ಣಕ್ಕೆ ಎಷ್ಟು ನೀಲಿ ಎಂಬುದು ಪ್ರತಿ ಮನೆಯ ಹಿರಿಯ ಹೆಂಗಸಿನ ಕೈ ಅಳತೆ; ಅದನ್ನು ಸೊಸೆಗೂ ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಆಮೇಲೆ ಪುಡಿ ಡಿಸ್ಟೆಂಪರ್ ಬಂತು, ಡಬ್ಬಿಯ ಬಣ್ಣ ಬಂತು, ಗುಂಡಿ ಒತ್ತಿದರೆ ಹನಿ ಹನಿಯಾಗಿ ಬಣ್ಣ ಬೆರೆಸುವ ಯಂತ್ರವೂ ಬಂತು. ಈಗ ಜನ ಫೋನಿನಲ್ಲಿ ಯಾರದೋ ಮನೆಯ ಫೋಟೋ ತೋರಿಸಿ "ಇಂಥಾದ್ದ ಬಿಳಿ" ಎನ್ನುತ್ತಾರೆ. ಫೋನಿನ ಬಿಳಿಯನ್ನು ನಂಬಿ ಯಾರಿಗೂ ಬಣ್ಣ ಕೊಡಬೇಡಿ. ಅದು ತನಗೆ ಬೇಕಾದ ಬಿಳಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಅಚ್ಚ ಬಿಳಿ ಬೇಡ, ಒಂದಿಷ್ಟು ಬೆಚ್ಚಗಿರುವ ಬಿಳಿ ಬೇಕು ಎಂದು ಜನ ಕೇಳತೊಡಗಿದಾಗ ನಮಗೆ ಹೊಸ ಪೇಚು ಶುರುವಾಯಿತು. ಅಂಥ ಬಿಳಿಗಳಿಗೆ ಕಂಪನಿಯ ಬಣ್ಣದ ಕಾರ್ಡಿನಲ್ಲಿ ಯಾವುದೋ ದೂರದ ದೇಶದ ಹೂವು, ಮರಳು, ಚಿಪ್ಪುಗಳ ಹೆಸರಿರುತ್ತಿದ್ದವು. ಹೊಂಬಳದ ಒಬ್ಬ ರೈತ ಆ ಹೆಸರುಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ ಜೇಬಿನಿಂದ ಒಂದು ಪೊಟ್ಟಣ ತೆಗೆದ. ಒಳಗೆ ಜೋಳದ ಹಿಟ್ಟು.

"ಹೂವು ಗೀವು ಬ್ಯಾಡ್ರಿ. ಇದು ನಮ್ಮ ಹೊಲದ್ದು. ಹಿಂಗ ಇರ್ಲಿ ಗ್ವಾಡಿ," ಎಂದ.

ನನಗೆ ಖುಷಿಯಾಯಿತು. ಅರ್ಧ ದಿನ ಕೂತು ಹಿಟ್ಟಿಗೆ ಸರಿಹೊಂದುವ ಬಿಳಿ ತೆಗೆದುಕೊಟ್ಟೆ. ಮುಂದಿನ ವಾರ ಅವನ ಹೆಂಡತಿ ಬಂದಳು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. "ಹಿಟ್ಟ ನೋಡಿ ಬಣ್ಣ ಮಾಡಿದ್ರ ಹೆಂಗರಿ ಅಕ್ಕಾರ? ನಾವು ಹಿಟ್ಟ ತಿಂತೀವೇನ್ರಿ? ಗ್ವಾಡಿ ಹಿಂಗಿರಬೇಕ್ರಿ, ನೋಡ್ರಿ," ಎಂದು ರೊಟ್ಟಿ ಬಿಚ್ಚಿ ಕೌಂಟರಿನ ಮೇಲೆ ಹರವಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಹಿಟ್ಟಿನ ಬಿಳಿ ಗೋಡೆಗೇರಿದರೆ ಬೂದಿಯ ಹಾಗೆ ಸಪ್ಪಗೆ ಕಾಣುತ್ತದೆ. ರೊಟ್ಟಿಯ ಬಿಳಿಗೆ ಬೆಂಕಿ ತಾಗಿದ ಕಳೆ ಇರುತ್ತದೆ. ರೊಟ್ಟಿಗೆ ಹೊಂದುವ ಬಣ್ಣ ತೆಗೆದದ್ದಾದ ಮೇಲೆ ಚನ್ನಪ್ಪಣ್ಣ ಆ ರೊಟ್ಟಿಯನ್ನು ಹಿಂಡಿ ಚಟ್ನಿಯ ಜೊತೆ ತಿಂದು, ಬಣ್ಣ ಪಕ್ಕಾ ಆಗಿದೆ ಎಂದು ತೀರ್ಪು ಕೊಟ್ಟರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಆ ಬಿಳಿಗೆ ರೊಟ್ಟಿ ಬಿಳಿ ಎಂದೇ ಹೆಸರು. ಬೆಣ್ಣೆ ಬಿಳಿ, ಕೋರಾ ಬಿಳಿ, ಸಾಬೂದಾಣಿ ಬಿಳಿ ಎಲ್ಲ ಆಮೇಲೆ ಹುಟ್ಟಿದವು.

ಚನ್ನಪ್ಪಣ್ಣನ ಒಂದು ಹಟವನ್ನು ಇಲ್ಲಿ ಹೇಳಲೇಬೇಕು. ಗಿರಾಕಿ ಬಿಳಿ ಕೇಳಿದರೆ ಅವರ ಮೊದಲ ಪ್ರಶ್ನೆ "ನೆಲ ಯಾವ್ದು?" ಎಂಬುದೇ. "ನಾ ಗ್ವಾಡಿ ಬಣ್ಣ ಕೇಳಾಕ ಬಂದೀನ್ರಿ, ನೆಲದ ಪಂಚಾತಿ ಯಾಕ್ರಿ?" ಎಂದು ಎಷ್ಟೋ ಜನ ರೇಗುತ್ತಿದ್ದರು. ಆದರೆ ಗೋಡೆ ನೆಲದ ಬಣ್ಣವನ್ನು ಕುಡಿಯುತ್ತದೆ. ಕೆಂಪು ಗಾರೆಯ ನೆಲವಿದ್ದ ಮನೆಗೆ ಹಳದಿ ಹೆಚ್ಚಿದ ಬಿಳಿ ಕೊಟ್ಟರೆ ಗೋಡೆ ಸಂಜೆಹೊತ್ತಿಗೆ ಹಣ್ಣಾದ ಪೇರಲದ ತಿರುಳಿನಂತೆ ಗುಲಾಬಿಗೆ ತಿರುಗುತ್ತದೆ. ಬೂದು ಶಹಾಬಾದಿ ಕಲ್ಲಿನ ಫರಸಿ ನೆಲವಿದ್ದಲ್ಲಿ ನೀಲಿ ಹೆಚ್ಚಿದ ಬಿಳಿ ಹಚ್ಚಿದರೆ ಕೋಣೆ ಜ್ವರದಿಂದ ಎದ್ದಂತೆ ಕಾಣುತ್ತದೆ. ಅಲ್ಲಿ ಬೆಣ್ಣೆಯ ಬಿಳಿಯೇ ಬೇಕು. ಆಮೇಲಿನ ಪ್ರಶ್ನೆ ಕಿಟಕಿ ಯಾವ ದಿಕ್ಕಿಗಿದೆ ಎಂಬುದು, ಅದಾದ ಮೇಲೆ ದೀಪ ಎಂಥದ್ದು ಎಂಬುದು. ಮುಂಡರಗಿಯ ಒಬ್ಬರು ದೀಪದ ಮಾತನ್ನು ಗಾಳಿಗೆ ಬಿಟ್ಟು ಹೋದರು. ಬಣ್ಣ ಮುಗಿದ ದಿನ ಸಂಜೆ ಫೋನು: "ಏನ ಬಣ್ಣ ಕೊಟ್ಟೀರಿ? ನಮ್ಮ ಮನಿ ದವಾಖಾನಿ ಆಗೇತಿ!" ನಾನು ಬಣ್ಣದ ಡಬ್ಬಿ ಒಯ್ಯದೆ ಚೀಲದಲ್ಲಿ ಹಳದಿ ಬೆಳಕಿನ ಬಲ್ಬುಗಳನ್ನಷ್ಟೇ ಒಯ್ದು, ಅವರ ನೀಲಿ ಬೆಳಕಿನ ಬಲ್ಬುಗಳನ್ನು ತೆಗೆದು ಇವನ್ನು ಹಾಕಿದೆ. ಮನೆಯ ಯಜಮಾನರು ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು, ನಾನು ಕಣ್ಣು ತಪ್ಪಿಸಿ ಬಣ್ಣ ಬಳಿದೆನೋ ಎಂಬಂತೆ.

ಎಲ್ಲ ದೂರಿಗೂ ಪರಿಹಾರ ಇರುವುದಿಲ್ಲ ಎಂಬುದನ್ನು ಶಿರಹಟ್ಟಿಯಲ್ಲಿ ಕಲಿತೆ. ಅಲ್ಲಿ ನಿವೃತ್ತ ಮಾಸ್ತರೊಬ್ಬರು ಪಡಸಾಲೆಗೆ ಕೋರಾ ಬಿಳಿ ಹಚ್ಚಿಸಿದ್ದರು. ಬೆಳಿಗ್ಗೆ ಚೆಂದ, ಮಧ್ಯಾಹ್ನವಾದರೆ ಗೋಡೆಯೆಲ್ಲ ಹಸಿರು ಹಸಿರು. ಯಂತ್ರ ಕೆಟ್ಟಿದೆ ಎಂದು ಅವರ ವಾದ. ನಾನು ಮಧ್ಯಾಹ್ನಕ್ಕೇ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಓಣಿ ಕಿರಿದು, ಎದುರು ಮನೆಯ ಗಿರೆಪ್ಪ ತನ್ನ ಗೋಡೆಗೆ ಗಿಳಿ ಹಸಿರು ಬಳಿಸಿದ್ದ. ಬಿಸಿಲು ಅದಕ್ಕೆ ಬಡಿದು ನೇರ ಮಾಸ್ತರ ಮನೆಯೊಳಗೆ ಬರುತ್ತಿತ್ತು. ಮಾಸ್ತರ ಒಂದು ಬಿಳಿ ಧೋತರ ಇಸಿದುಕೊಂಡು ಗಿರೆಪ್ಪನ ಗೋಡೆಯ ಮೇಲೆ ಹೊದಿಸಿದೆ. ಒಳಗಿನ ಹಸಿರು ಮಾಯ.

ಅಷ್ಟರಲ್ಲಿ ಗಿರೆಪ್ಪ ಹೊರಗೆ ಬಂದ. "ಯಾರ ಧೋತ್ರಲೇ ಇದು ನನ್ನ ಗ್ವಾಡಿ ಮ್ಯಾಲ?"

ಇಬ್ಬರಿಗೂ ನಲ್ಲಿಯ ನೀರಿನ ವಿಷಯಕ್ಕೆ ಬಹಳ ದಿನದಿಂದ ಮಾತಿರಲಿಲ್ಲ. ಮಾಸ್ತರು ಗಂಟಲು ಸರಿಮಾಡಿಕೊಂಡು, "ಒಳಗ ಬಂದ ನೋಡು ಬಾರಪಾ," ಎಂದರು. ಗಿರೆಪ್ಪ ಒಳಗೆ ಬಂದ. ನಾನು ಧೋತರ ತೆಗೆದೆ, ಹಸಿರು ಬಂತು, ಹೊದಿಸಿದೆ, ಹೋಯಿತು.

"ಅಲಲಲಾ! ನಾ ಬರಲಿಲ್ಲಂದ್ರೂ ನನ್ನ ಗ್ವಾಡಿ ದಿನಾ ನಿಮ್ಮ ಮನ್ಯಾಗ ಬಂದ ಕುಂಡ್ರತೈತಲ್ರಿ ಮಾಸ್ತರ!" ಎಂದು ಗಿರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಚಹಾ ಬಂತು. ಗಿರೆಪ್ಪ ತನ್ನ ಗಿಳಿ ಹಸಿರು ಬಿಡಲು ಒಪ್ಪಲಿಲ್ಲ, ಮಾಸ್ತರೂ ಬೇರೆ ಬಣ್ಣ ಕೇಳಲಿಲ್ಲ. ಈಗಲೂ ಮಧ್ಯಾಹ್ನ ಗೋಡೆ ಹಸಿರಾದಾಗ ಮಾಸ್ತರ ಹೆಂಡತಿ, "ಗಿರೆಪ್ಪ ಬಂದಾ ನೋಡ್ರಿ," ಎನ್ನುತ್ತಾರಂತೆ.

ಇನ್ನು ಲಕ್ಷ್ಮೇಶ್ವರದ ಗಂಗವ್ವನ ಮನೆ. ಅದನ್ನು ಹೇಳದಿದ್ದರೆ ಇಷ್ಟು ಬರೆದದ್ದೂ ದಂಡ.

ಗಂಗವ್ವನ ಸೊಸೆ ಸ್ವಾತಿ ಅಂಗಡಿಗೆ ಬಂದಿದ್ದಳು. ಹಿಂದಿನ ವರ್ಷ ಅವಳ ಮಾವ, ಅಂದರೆ ಗಂಗವ್ವನ ಗಂಡ, ತೀರಿಕೊಂಡಿದ್ದರು. ನಮ್ಮ ಕಡೆ ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ, ಗೋಡೆಗೆ ಸುಣ್ಣವಿಲ್ಲ. ಹಬ್ಬದ ಹೊತ್ತಿಗೆ ಓಣಿಯಲ್ಲಿ ಒಂದೇ ಮನೆ ಮಾಸಿ ನಿಂತಿದ್ದರೆ ಹಾದಿಹೋಕರೂ ಕೇಳದೆ ತಿಳಿದುಕೊಳ್ಳುತ್ತಾರೆ. ಈಗ ವರ್ಷ ಕಳೆದಿತ್ತು. ಗಂಗವ್ವನ ಮಗಳು ಪವಿತ್ರಾಳ ನಿಶ್ಚಯ ಬರುವ ಶುಕ್ರವಾರ ಅದೇ ಮನೆಯ ಪಡಸಾಲೆಯಲ್ಲಿ ಆಗುವುದಿತ್ತು. "ನಮ್ಮ ಪವಿತ್ರಾ ಕುಂಡ್ರೋ ಜಾಗಾ ಅಕ್ಕಾರ, ಬೆಳಕ ಮೆತ್ತಗಿರಬೇಕು," ಎಂದಳು ಸ್ವಾತಿ. ನೆಲ ಶಹಾಬಾದಿ ಫರಸಿ, ಕಿಟಕಿ ಪೂರ್ವಕ್ಕೆ. ಬೆಣ್ಣೆ ಬಿಳಿ ಆರಿಸಿದೆವು. ನಮ್ಮ ಅಂಗಡಿಯ ಬಣ್ಣಗಾರ ಹನುಮಂತ ಡಬ್ಬಿಗಳನ್ನು ತೆಗೆದುಕೊಂಡು ಹೊರಟ.

ಕೆಲಸ ಶುರುವಾದ ದಿನವೇ ಮಧ್ಯಾಹ್ನ ಅವನ ಫೋನು. "ಬನಕ್ಕಾ, ಮುಂಜಾನಿ ಹಚ್ಚಿದ ಗ್ವಾಡಿ ಬೆಣ್ಣಿ ಹಂಗ ಐತಿ. ಉಂಡ ಬಂದ ಮ್ಯಾಲ ಹಚ್ಚಿದ ಗ್ವಾಡಿ ಹೆಸರಕಾಳ ತೊಳದ ನೀರಿನಂಗ ಆಗೇತಿ. ಅದ ಬಕೀಟು, ಅದ ಬ್ರಶ್ಶು. ಯಾರರ ಮಾಟ ಮಾಡಿಸ್ಯಾರೇನ ಅಂತ?"

ಸಿಕ್ಕ ಬಸ್ಸು ಹತ್ತಿ ಹೋದೆ. ಪಡಸಾಲೆಯಲ್ಲಿ ಒಂದು ಗೋಡೆ ಬೆಣ್ಣೆ, ಒಂದು ಗೋಡೆ ತಿಳಿ ಹಸಿರು. ಸ್ವಾತಿಯ ಕಣ್ಣು ಕೆಂಪಗಾಗಿತ್ತು. ಅವಳ ಗಂಡ ಡಬ್ಬಿಯ ಮೇಲಿನ ಅಕ್ಷರಗಳನ್ನು ಹಿಂದುಮುಂದು ಓದುತ್ತಿದ್ದ. ಗಂಗವ್ವ ಅಡಿಗೆಮನೆಯ ಹೊಸ್ತಿಲ ಒಳಗೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ನಾನು ಬಕೆಟ್ಟಿನೊಳಗೆ ಇಣುಕಿದೆ. ಹಳದಿ ಬೆರೆತ ಬಿಳಿಗೆ ನೀಲಿ ಬಿದ್ದರೆ ಆಗುವುದು ಹಸಿರೇ. ಮಾಟವಲ್ಲ, ನಮ್ಮ ಕಡೆಯ ಹೆಂಗಸರ ಕೈರೂಢಿ.

"ಯವ್ವಾ, ಒಂದ ವಾಟಿ ನೀರ ಕೊಡ್ರಿ," ಎಂದು ಗಂಗವ್ವನ ಹಿಂದೆ ಅಡಿಗೆಮನೆಗೆ ಹೋದೆ. ನೀರು ತುಂಬಲು ಅವಳು ಕೈ ಹೊರಗೆ ತೆಗೆಯಲೇಬೇಕಾಯಿತು. ಉಗುರುಗಳೆಲ್ಲ ನೀಲಿ. ನಾನು ನೀರು ಕುಡಿದು ವಾಟಿ ತಿರುಗಿ ಕೊಟ್ಟೆ.

"ನೋಡೀದಿ ಹೌದಲ್ಲ?" ಎಂದಳು ಗಂಗವ್ವ. "ಅಂವ ಉಣ್ಣಾಕ ಹೋಗಿದ್ದ. ನಾಕ ಹನಿ ಹಾಕಿದ್ನಿ, ಬೆಳ್ಳಗಾಗ್ಲಿ ಅಂತ."

"ನಾಕ ಹನಿಗೆ ಇಷ್ಟ ಹಸರ ಆಗಂಗಿಲ್ಲವ್ವಾ."

ಅವಳು ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡು, "ಸೀಸೇನ ಬಗ್ಗಿಸೀನಿ," ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿದವು.

"ಒಂದ ವರ್ಷ ಮಾಸಿದ ಗ್ವಾಡಿ ನೋಡಿ ನೋಡಿ ಜೀವ ರೋಸೇತಿ ಬನಕ್ಕಾ. ಬೀಗರು ಬಂದ ನಿಂತ್ರ ಈ ಹಳದಿ ಗ್ವಾಡಿ ನೋಡಿ ಏನಂದಾರು? ಇವರ ಮನ್ಯಾಗ ಇನ್ನೂ ದುಃಖ ಕಳದಿಲ್ಲ ಅಂದಾರು. ನಾ ಅಂತೂ ಪಡಸಾಲಿಗೆ ಬರಾಕಿ ಅಲ್ಲ. ಗಂಡ ಇಲ್ಲದಾಕಿ ನಾ. ನನ್ನ ಮಗಳಿಗೆ ಅರಿಷಿಣ ಹಚ್ಚೂ ಹೊತ್ತಿಗೆ ಇಲ್ಲೆ ಒಲಿ ಮುಂದ ಇರಾಕಿ. ಗ್ವಾಡಿಯರ ನನ್ನ ಬದ್ಲಿ ಬೆಳ್ಳಗ ನಕ್ಕೋತ ನಿಂದರ್ಲಿ ಅಂತ ಮಾಡಿದ್ನಿ." ಸೆರಗಿನಿಂದ ಮೂಗು ಒರೆಸಿಕೊಂಡು, "ಇದ ಬಣ್ಣಾನ ಹಚ್ಚತೀನಿ ಅಂದ್ರ ನಿಶ್ಚಯ ನನ್ನ ತಮ್ಮನ ಮನ್ಯಾಗ ಆಗ್ಲಿ. ಮಗಗೂ ಹೇಳೀನಿ," ಎಂದಳು.

ಪವಿತ್ರಾ ಹುಟ್ಟಿ ಬೆಳೆದ ಮನೆ ಅದು. ಅಲ್ಲೇ ನಿಶ್ಚಯವಾಗಬೇಕೆಂದು ಅವಳ ಆಸೆ. ಅದಕ್ಕೇ ಅಲ್ಲವೇ ಸ್ವಾತಿ ಅಷ್ಟು ಓಡಾಡಿದ್ದು. ನಾನು ಹೊರಗೆ ಬಂದು ಚನ್ನಪ್ಪಣ್ಣನಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ನಾಳೆ ಹೊಸಾ ಡಬ್ಬಿ ಕಳಸ್ತೀನಿ. ನೀ ಆ ಹಿರೇರಿಗೆ ಎರಡೂ ಬಿಳಿ ತೋರ್ಸು. ಒಪ್ಪಲಿಲ್ಲಂದ್ರ ಅವರು ಕೇಳಿದ್ದ ಹಚ್ಚಿ ಬಾ. ಗ್ವಾಡಿ ಅವರ್ದು, ನಮ್ದಲ್ಲ," ಎಂದರು. ಆ ರಾತ್ರಿ ನಾನು ಅಲ್ಲೇ ಉಳಿದೆ. ಗಂಗವ್ವ ನನಗೆ ಝುಣಕ ಬಡಿಸುತ್ತ ಗೋಡೆಯ ಸುದ್ದಿಯನ್ನೇ ಎತ್ತಲಿಲ್ಲ.

ಬೆಳಿಗ್ಗೆ ಎರಡು ದೊಡ್ಡ ಹಲಗೆ ತೆಗೆದುಕೊಂಡು ಒಂದಕ್ಕೆ ನೀಲಿ ಬಿಳಿ, ಇನ್ನೊಂದಕ್ಕೆ ಬೆಣ್ಣೆ ಬಿಳಿ ಹಚ್ಚಿದೆ. ಪವಿತ್ರಾಳಿಗೆ ನಿಶ್ಚಯದ ಸೀರೆ ಉಟ್ಟುಕೊಂಡು ಬರಲು ಹೇಳಿ, ಅವಳು ಕೂರಬೇಕಾದ ಜಾಗದಲ್ಲೇ ಮಣೆ ಹಾಕಿ ಕೂರಿಸಿದೆ. ಬಿಳಿಯನ್ನು ಕಾರ್ಡಿನ ಮೇಲೆ ಆರಿಸಬೇಡಿ, ಆ ಗೋಡೆಯ ಮುಂದೆ ಕೂರುವವರ ಮುಖದ ಪಕ್ಕ ಆರಿಸಿ. ಇದೊಂದು ಮಾತನ್ನು ನೆನಪಿಟ್ಟರೆ ನಾನು ಬರೆದ ಉಳಿದದ್ದನ್ನು ಮರೆತರೂ ನಡೆದೀತು.

ಮೊದಲು ನೀಲಿ ಬಿಳಿಯ ಹಲಗೆಯನ್ನು ಅವಳ ಹಿಂದೆ ನಿಲ್ಲಿಸಿದೆ. ಹೊಸ್ತಿಲ ಒಳಗಿನಿಂದ ಗಂಗವ್ವ ನೋಡುತ್ತಿದ್ದಳು.

"ಯಾಕ ಪವಿ, ಮಾರಿ ಯಾಕ ಬಾಡೇತಿ? ಜ್ವರ ಬಂದಾವೇನ?" ಎಂದಳು.

"ಇಲ್ಲ ಬೇ, ಛಲೋ ಅದೀನಿ," ಎಂದಳು ಪವಿತ್ರಾ.

ಹಲಗೆ ಬದಲಿಸಿದೆ. ಕಿಟಕಿಯ ಬೆಳಕು ಬೆಣ್ಣೆ ಬಿಳಿಗೆ ತಾಗಿ ಹುಡುಗಿಯ ಕೆನ್ನೆಗೆ, ಕೊರಳಿಗೆ ಇಳಿಯಿತು. ಗಂಗವ್ವ ಹೊಸ್ತಿಲು ದಾಟಿ ಹತ್ತಿರ ಬಂದಳು. ಮಗಳ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಈಗಲೇ ಅರಿಷಿಣ ಹಚ್ಚಿದಂಗ ಕಾಣತಾಳಲ್ಲ..." ಎಂದು ತನಗೆ ತಾನೇ ಹೇಳಿಕೊಂಡಳು. ಮರುಕ್ಷಣ ಸರಸರನೆ ಒಳಗೆ ಹೋಗಿಬಿಟ್ಟಳು.

ಅಳಲು ಹೋದಳು ಎಂದುಕೊಂಡೆ. ಹೊಸ ಡಬ್ಬಿ ಆಗಲೇ ಬಂದಿತ್ತು; ಹನುಮಂತ ಅದನ್ನು ಬಕೆಟ್ಟಿಗೆ ಸುರಿದು ಕಲಕುತ್ತಿದ್ದ. ಅಷ್ಟರಲ್ಲಿ ಗಂಗವ್ವ ಮತ್ತೆ ಬಂದಳು. ಕೈಯಲ್ಲಿ ಅರಿಷಿಣದ ಬಟ್ಟಲು. ನೇರ ಬಕೆಟ್ಟಿನ ಕಡೆಗೇ ನಡೆದಳು. ಹನುಮಂತ ಎರಡೂ ಕೈ ಚಾಚಿ ಅಡ್ಡ ನಿಂತ.

"ಯವ್ವಾ, ನಿಮ್ಮ ಕಾಲ ಬೀಳ್ತೀನಿ! ನಿನ್ನೆ ನೀಲಿ, ಇವತ್ತ ಅರಿಷಿಣ, ನಾಳೆ ಖಾರಪುಡಿ ತರ್ತೀರೇನ?"

"ಒಂದ ಚಿಮಟಿಗಿ ಅಷ್ಟಪಾ," ಎಂದಳು ಗಂಗವ್ವ. "ಮಗಳಿಗೆ ಹಚ್ಚಾಕ ನನಗ ಬರಂಗಿಲ್ಲ. ಅಕಿ ಹಿಂದಿನ ಗ್ವಾಡಿಗೆ ಹಚ್ಚಿದ್ರ ಯಾರ ಬ್ಯಾಡಂತಾರ?"

ಒಂದು ಹನಿ ತಪ್ಪು ಬಣ್ಣ ಬಿದ್ದರೆ ಡಬ್ಬಿಯನ್ನೇ ಬದಿಗಿಡುವವಳು ನಾನು. ಆದರೂ, "ಹನುಮಂತಾ, ಸರದ ನಿಂದರು," ಎಂದೆ. ಗಂಗವ್ವ ಒಂದು ಚಿಟಿಕೆ ಅರಿಷಿಣವನ್ನು ಬಣ್ಣಕ್ಕೆ ಹಾಕಿ, ಕೋಲು ಇಸಿದುಕೊಂಡು ತಾನೇ ಕಲಕಿದಳು. ಅಷ್ಟಕ್ಕೆ ಬಕೆಟ್ಟಿನ ಬಣ್ಣ ಬದಲಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಬದಲಾಯಿತು ಎಂದು ಹನುಮಂತ ಇವತ್ತಿಗೂ ವಾದಿಸುತ್ತಾನೆ. ಮಣೆಯ ಮೇಲೆ ಕೂತಿದ್ದ ಪವಿತ್ರಾ ಎಲ್ಲವನ್ನೂ ನೋಡುತ್ತಿದ್ದಳು.

ಬೀದಿಯ ಕಡೆಯ ಗೋಡೆಗೆ ಮಾತ್ರ ನಾನೇ ಸುಣ್ಣ ತರಿಸಿದೆ. ಬಿಸಿಲಿಗೆ ತೆರೆದ ಗೋಡೆಗೆ ನೀಲಿ ಬೆರೆಸಿದ ಸುಣ್ಣವನ್ನು ಮೀರಿಸುವ ಬಿಳಿ ಇಲ್ಲ. ನೀಲಿಯ ಅಳತೆಯನ್ನು ಗಂಗವ್ವನ ಕೈಗೇ ಬಿಟ್ಟೆವು. ಅವಳು ಸೆರಗು ಕಟ್ಟಿ ನಿಂತು ಹನುಮಂತನಿಗೆ ಮೂಲೆ ಮೂಲೆ ತೋರಿಸಿ ಹಚ್ಚಿಸಿದಳು. ಸ್ವಾತಿ ಅತ್ತೆಗೆ ಚಹಾ ತಂದುಕೊಟ್ಟು ಪಕ್ಕದಲ್ಲೇ ನಿಂತು ನೋಡಿದಳು.

ಶುಕ್ರವಾರ ನನ್ನನ್ನೂ ಕರೆದಿದ್ದರು. ಪಡಸಾಲೆ ಕಿಕ್ಕಿರಿದಿತ್ತು. ಮುತ್ತೈದೆಯರು ಹಾಡು ಹೇಳುತ್ತ ಒಬ್ಬೊಬ್ಬರಾಗಿ ಬಂದು ಪವಿತ್ರಾಳ ಕೆನ್ನೆಗೆ, ಕೈಗೆ ಅರಿಷಿಣ ಹಚ್ಚುತ್ತಿದ್ದರು. ಗಂಗವ್ವ ಹೇಳಿದಂತೆಯೇ ಅಡಿಗೆಮನೆಯೊಳಗಿದ್ದಳು. ಎಲ್ಲರದೂ ಮುಗಿಯಿತು ಎನ್ನುವಾಗ ಪವಿತ್ರಾ ಮಣೆಯಿಂದ ಎದ್ದಳು. ಅರಿಷಿಣದ ಬಟ್ಟಲು ತೆಗೆದುಕೊಂಡು ಹೋಗಿ ಅಡಿಗೆಮನೆಯ ಹೊಸ್ತಿಲ ಮುಂದೆ ನಿಂತಳು.

"ಯವ್ವಾ, ಗ್ವಾಡಿಗೆ ಹಚ್ಚಿದ ಕೈಲೆ ನನಗೂ ಹಚ್ಚು."

ಗಂಗವ್ವ ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಹಾಡು ನಿಂತಿತು. ಬೀಗರ ಕಡೆಯವರು ಮುಖ ಮುಖ ನೋಡಿಕೊಂಡರು.

"ಗ್ವಾಡಿಗೆ ಅರಿಷಿಣ ಹಚ್ಚೋದು ಅಂದ್ರ ಏನವಾ?" ಎಂದಿತು ಮೂಲೆಯಿಂದ ಒಂದು ದನಿ. ವರನ ಅಜ್ಜಿ. ಅವಳೂ ಗಂಡನನ್ನು ಕಳೆದುಕೊಂಡವಳೇ. ಬಂದಾಗಿನಿಂದ ಗೋಡೆಗೆ ಒರಗಿ ದೂರವೇ ಕೂತಿದ್ದಳು.

ಸ್ವಾತಿ ಮುಂದೆ ಬಂದು ನೀಲಿ ಸೀಸೆಯಿಂದ ಹಿಡಿದು ಅರಿಷಿಣದ ಚಿಟಿಕೆಯವರೆಗೆ ಎಲ್ಲವನ್ನೂ ಹೇಳಿದಳು. ಹಸಿರು ಗೋಡೆಯ ಮಾತಿಗೆ ಕೆಲವರು ನಕ್ಕರು, ಕೊನೆಯ ಮಾತಿಗೆ ಯಾರೂ ನಗಲಿಲ್ಲ. ಅಜ್ಜಿ ತಾನು ಒರಗಿದ್ದ ಗೋಡೆಯನ್ನು ತಿರುಗಿ ನೋಡಿ, ಅಂಗೈಯಿಂದ ಒಮ್ಮೆ ಸವರಿದಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದಳು.

"ಹಂಗಾದ್ರ ನಾ ಆಗಲಿಂದ ಅರಿಷಿಣಕ್ಕ ಒರಗೇನ ಕುಂತೀನಿ. ಇನ್ನೇನ ಉಳೀತು? ತಾ ಬಟ್ಟಲಾ ಇತ್ತಾಗ. ನನ್ನ ಮೊಮ್ಮಗನ ಹೇಣ್ತಿ ಆಗಾಕಿ ನೀ, ನಾನೂ ಹಚ್ಚಾಕಿ." ಹುಡುಗಿಯ ಒಂದು ಕೆನ್ನೆಗೆ ತಾನು ಅರಿಷಿಣ ಹಚ್ಚಿ, ಗಂಗವ್ವನ ಕೈಯನ್ನು ಬೆನ್ನ ಹಿಂದಿನಿಂದ ಎಳೆದು ತಂದು ಬಟ್ಟಲಲ್ಲಿ ಅದ್ದಿಸಿದಳು. "ಆ ಕಡಿ ಗಲ್ಲ ನಿಂದು. ಜಲ್ದಿ ಹಚ್ಚವಾ, ಹಸಿವ್ಯಾಗೇತಿ ಎಲ್ಲಾರಿಗೂ."

ಗಂಗವ್ವ ಹಚ್ಚಿದಳು. ಕೆನ್ನೆಗೆ, ಗದ್ದಕ್ಕೆ, ಕೊರಳಿಗೆ, ಕೈಗೆ, ಇನ್ನೆಲ್ಲಿ ಹಚ್ಚಲಿ ಎಂಬಂತೆ ಹಚ್ಚಿದಳು. ಪವಿತ್ರಾ ನಗುತ್ತಿದ್ದಳು, ಸ್ವಾತಿ ಅಳುತ್ತಿದ್ದಳು, ಹನುಮಂತ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ನಾನೂ ಅತ್ತೆ. ಇಷ್ಟು ವರ್ಷ ಬಣ್ಣ ಮಾರಿದ್ದಕ್ಕೆ ಅಷ್ಟು ಸಂತೋಷ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹೆಂಗಸರು ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

ಊಟಕ್ಕೆ ಎಲೆ ಹಾಕಿದಾಗ ಗಂಗವ್ವ ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಅವಳು ಬೀದಿಯ ನಡುವೆ ನಿಂತು ತನ್ನ ಮನೆಯನ್ನು ನೋಡುತ್ತಿದ್ದಳು. ಸಂತೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಸಮೇತ ನಿಂತು, "ಏನ ಗಂಗವ್ವಾ, ಮನ್ಯಾಗ ಏನ ಕಾರ್ಯ ಐತಿ?" ಎಂದು ಕೇಳಿದಳು.

"ಮಗಳ ನಿಶ್ಚಯ!" ಎಂದಳು ಗಂಗವ್ವ, ಹಳದಿಯಾದ ಎರಡೂ ಅಂಗೈಗಳನ್ನು ಅವಳ ಮುಖದ ಮುಂದೆ ಹಿಡಿದು. "ನಾನ ಅರಿಷಿಣ ಹಚ್ಚಿ ಬಂದ್ನಿ."